ಕಪ್ಪಿಯ ಕುಡಿ ಕದ್ದ ಬೇಸಿಗೆ

ಅವಕಾಡೊ ಎಂಬ ಹೆಸರು ಆಗಿನ್ನೂ ನಮ್ಮ ಕಡೆಯ ಬಸ್ಸು ಹತ್ತಿರಲಿಲ್ಲ. ನಮಗೆ ಅದು ಬೆಣ್ಣೆಹಣ್ಣು. ತೀರ್ಥಹಳ್ಳಿ ಪೇಟೆಯಲ್ಲಿ ಅದನ್ನು ಮಾರುವವರೂ ಕಡಿಮೆ, ಕೊಳ್ಳುವವರೂ ಕಡಿಮೆ. ಯಾರದಾದರೂ ಹಿತ್ತಲಲ್ಲಿ ಒಂದು ಮರವಿದ್ದರೆ ಅವರ ಮನೆಗೆ ಹೋದಾಗ ಎರಡು ಕಾಯಿ ಕೈಗೆ ಹಾಕುತ್ತಿದ್ದರು. ತಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು, ಮೆತ್ತಗಾಯಿತೇ ಎಂದು ಹೋಗಿ ಬಂದು ಒತ್ತಿ ನೋಡಿ, ಹಣ್ಣಾಗುವ ಮೊದಲೇ ಅರ್ಧ ಹಾಳು ಮಾಡುತ್ತಿದ್ದೆವು. ಈ ಬರಹ ಓದುವವರಲ್ಲಿ ಎಷ್ಟು ಜನ ಹಾಗೆ ಒತ್ತಿ ಬೈಸಿಕೊಂಡಿದ್ದೀರೋ ನಾನರಿಯೆ. ನಾನು ಬೈಸಿಕೊಂಡದ್ದಕ್ಕಂತೂ ಲೆಕ್ಕವಿಲ್ಲ.

ನಾನು ಒಂದು ಕಡೆ ಕೂರುವ ಜಾತಿಯವಳಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು, ಎದ್ದು ಓಡುವುದಕ್ಕೆ ಅನುಕೂಲವಾಗಲಿ ಎಂದು. "ಇದ್ರ ಕಾಲಿಗೆ ಚಕ್ರ ಅದೆ" ಎಂದು ಅಪ್ಪಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ನನಗಿಂತ ಹೆಚ್ಚು ತಿರುಗಿದವಳು, ನನಗಿಂತ ಹೆಚ್ಚು ಚಡಪಡಿಸಿದವಳು ನನ್ನ ಅಮ್ಮ. ಅದಕ್ಕೆ ಕಾರಣ ಒಂದು ಬೆಣ್ಣೆಹಣ್ಣಿನ ಮರ.

ಕವಲೇದುರ್ಗದ ಕೋಟೆಗುಡ್ಡದಿಂದ ಇಳಿದು ಬಂದರೆ ಸಿಗುವ ಹಳ್ಳಿಗಳಲ್ಲಿ ನಮ್ಮದೊಂದು. ಅಜ್ಜಿ ತೀರಿಕೊಂಡ ಮೇಲೆ ಅಪ್ಪಯ್ಯ ಮತ್ತು ದೊಡ್ಡಪ್ಪ ಪಾಲಾದರು. ಗದ್ದೆ, ತೋಟ ಸಮಸಮ. ಹಳೇ ಮನೆ ಮತ್ತು ಅದರ ಹಿಂದಿನ ಹಿತ್ತಲು ದೊಡ್ಡಪ್ಪನಿಗೆ, ಓಣಿಯಾಚೆಯ ಬ್ಯಾಣ ನಮಗೆ. ಬ್ಯಾಣವೆಂದರೆ ಮಳೆಗಾಲದಲ್ಲಿ ದನ ಮೇಯುವಷ್ಟು ಹುಲ್ಲು, ಬೇಸಿಗೆಯಲ್ಲಿ ಬರೀ ಕೆಂಪು ಜಂಬಿಟ್ಟಿಗೆ ನೆಲ. ಅಲ್ಲಿ ಶೀಟು ಹಾಕಿದ ಮನೆ ಕಟ್ಟಿಸಿಕೊಂಡು ಇದ್ದೆವು. ಅನ್ಯಾಯವೇನೂ ಆಗಿರಲಿಲ್ಲ, ಊರವರ ಎದುರಿಗೇ ಎಲ್ಲ ಆಗಿತ್ತು. ಆದರೆ ನಮ್ಮ ಬ್ಯಾಣದಲ್ಲಿ ನೆರಳು ಅನ್ನುವುದು ಬಟ್ಟೆ ಒಣಹಾಕಿದ ದಿನ ಮಾತ್ರ ಸಿಗುತ್ತಿತ್ತು. ಮಧ್ಯಾಹ್ನ ಶೀಟು ಕಾದು ಟಕ್ ಟಕ್ ಎನ್ನುವಾಗ ಅಮ್ಮ ಬಾಗಿಲಲ್ಲಿ ನಿಂತು ಓಣಿಯಾಚೆಯ ಹಸಿರನ್ನು ನೋಡುತ್ತಿದ್ದಳು. ಆ ಹಸಿರಿನಲ್ಲಿ ಎದ್ದು ಕಾಣುತ್ತಿದ್ದದ್ದು ಕಪ್ಪಿ.

ಕಪ್ಪಿ ಎಂದರೆ ದನವಲ್ಲ, ಮರ. ದನಕ್ಕೆ ಇಡುವ ಹಾಗೆಯೇ ಅಮ್ಮ ಮರಗಳಿಗೂ ಹೆಸರಿಟ್ಟಿದ್ದಳು. ಅವಳ ತವರು ಕೊಪ್ಪದ ಕಡೆ, ಅಲ್ಲಿ ಕಾಫಿ ತೋಟಗಳ ನಡುವೆ ಬೆಣ್ಣೆಹಣ್ಣಿನ ಮರಗಳು ಎಷ್ಟೋ. ಮದುವೆಯಾಗಿ ಬಂದ ವರ್ಷ ತವರಿನ ಒಂದೇ ಮರದ ಬೀಜಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹಿತ್ತಲಲ್ಲಿ ನೆಟ್ಟಿದ್ದಳು. ಒಂದೇ ಮರದ ಮಕ್ಕಳಾದರೂ ಒಂದರ ಹಾಗೆ ಇನ್ನೊಂದಿಲ್ಲ. ಒಂದರ ಹಣ್ಣು ಬಿಂದಿಗೆಯಷ್ಟು ದುಂಡಗೆ, ಒಳಗೆ ನೀರು, ಅದು ನೀರ್ಗುಂಡ. ಇನ್ನೊಂದಕ್ಕೆ ಸೋರೆಕಾಯಿಯ ಕೊರಳು, ತಿಂದರೆ ಹಲ್ಲಿನ ತುಂಬ ನಾರು, ಅದು ಉದ್ದಕೊರಳಿ. ಕಪ್ಪಿಯದು ಸಣ್ಣ ಕಾಯಿ, ಒರಟು ಸಿಪ್ಪೆ, ಹಣ್ಣಾದರೆ ಬದನೆಕಾಯಿಯ ಹಾಗೆ ಕಪ್ಪು ನೇರಳೆ. ಕೊಯ್ದರೆ ಅಂಚಿಗೆ ಎಳೆ ಹಸಿರು, ನಡುವೆ ಹಳದಿ, ನಾರಿನ ಸುಳಿವಿಲ್ಲ. ಅದಕ್ಕೆ ಉಪ್ಪು, ಸೂಜಿಮೆಣಸು, ಒಂದು ಎಸಳು ಬೆಳ್ಳುಳ್ಳಿ ಹಾಕಿ ಕಿವುಚಿ, ಹಂಚಿನಿಂದ ಆಗಷ್ಟೇ ಇಳಿಸಿದ ಅಕ್ಕಿ ರೊಟ್ಟಿಗೆ ಸವರಿದರೆ ಆ ಬಿಸಿಗೆ ಅದು ಕರಗುತ್ತಿತ್ತು, ಬೆಳ್ಳುಳ್ಳಿಯ ಘಮ ಜಗಲಿಯವರೆಗೆ ಬರುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ಬಾಯಲ್ಲಿ ನೀರು ಬರುತ್ತಿದೆ.

ಮೊದಲು ಯಾರಿಗೂ ಆ ಮರಗಳ ಮೇಲೆ ಗೌರವವಿರಲಿಲ್ಲ. ಮರದಲ್ಲೇ ಹಣ್ಣಾಗಲಿ ಎಂದು ಇಡೀ ಮಳೆಗಾಲ ಕಾದಿದ್ದರಂತೆ. ಅದು ಮರದಲ್ಲಿ ಹಣ್ಣಾಗುವುದೇ ಇಲ್ಲ, ಕೊಯ್ದು ಇಟ್ಟರೆ ಮಾತ್ರ ಮೆತ್ತಗಾಗುತ್ತದೆ ಎಂದು ಅಮ್ಮ ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಇನ್ನೊಂದು ವರ್ಷ ಬುಡದಲ್ಲಿ ಉದುರಿಬಿದ್ದ ಎಳೆಗಾಯಿಗಳನ್ನು ಕಂಡ ಅಜ್ಜಿಗೆ ಹೊಟ್ಟೆ ಉರಿದು, ಆರಿಸಿ ತಂದು ಅಪ್ಪೆಮಿಡಿಯ ಜೊತೆ ಉಪ್ಪಿನಲ್ಲಿ ಹಾಕಿಬಿಟ್ಟಿದ್ದರು. ನಮ್ಮ ಸೀಮೆಯ ಹೆಂಗಸರು ಹಾಗೆಯೇ, ಹಸಿರಾಗಿ, ಸಣ್ಣದಾಗಿ, ತೊಟ್ಟಿನ ಸಮೇತ ಏನು ಕಂಡರೂ ಅವರಿಗೆ ಮಿಡಿ ಉಪ್ಪಿನಕಾಯಿಯೇ ಕಾಣುತ್ತದೆ. ಒಂದು ಭರಣಿ ಮಿಡಿ ಕಹಿಯಾಗಿ ಚರಂಡಿ ಪಾಲಾಯಿತು. "ಕೊಪ್ಪದ ಸೊಸೆ ತಂದ ಹಣ್ಣು" ಎಂದು ಅಜ್ಜಿ ಅದನ್ನು ಎಷ್ಟೋ ವರ್ಷ ಹೇಳಿದರು. ಆಗ ಅಮ್ಮನ ಪರ ನಿಂತವರು ದೊಡ್ಡಮ್ಮ ಒಬ್ಬರೇ.

ದೊಡ್ಡಮ್ಮ ಎಂದರೆ ದೊಡ್ಡಪ್ಪನ ಹೆಂಡತಿ, ಅಮ್ಮನಿಗೆ ಓರಗಿತ್ತಿ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅವರಿಬ್ಬರೂ ಸೇರಿ ಕಸಿ ಕಟ್ಟುತ್ತಿದ್ದರು. ಒಳ್ಳೆಯ ಮಿಡಿ ಮಾವಿನ ಮರ ಎಲ್ಲೇ ಇದೆಯೆಂದು ಕೇಳಿದರೂ ಹೋಗಿ ಕುಡಿ ತರುವುದು, ಕಾಟುಮಾವಿನ ಸಸಿಯ ತಲೆ ಕತ್ತರಿಸಿ, ಸೀಳಿ, ಬೆಣೆಯಂತೆ ಕೊಯ್ದ ಕುಡಿಯನ್ನು ಅದರೊಳಗೆ ಕೂರಿಸಿ ಬಿಗಿಯಾಗಿ ಕಟ್ಟುವುದು. ಕೊಯ್ಯುವ ಕೈ ದೊಡ್ಡಮ್ಮನದು, ಕಟ್ಟುವ ಕೈ ಅಮ್ಮನದು. ಒಬ್ಬರು ಕೊಯ್ದದ್ದು ಒಣಗುವ ಮೊದಲು ಇನ್ನೊಬ್ಬರು ಕಟ್ಟಿ ಮುಗಿಸುತ್ತಿದ್ದರು. ಬಾಯಿ ಮಾತ್ರ ಇಬ್ಬರದೂ ನಡೆದೇ ಇರುತ್ತಿತ್ತು.

ಅಂಥವರು ಮಾತು ಬಿಟ್ಟದ್ದು ಒಂದು ಮಾತಿನಿಂದ. ಪಾಲಿನ ದಿನ ಹಿತ್ತಲು ಅಳೆಯುವಾಗ ಅಮ್ಮ ತಡೆಯಲಾರದೆ, "ಮರ ನಾ ನೆಟ್ಟದ್ದು" ಅಂದಳು. ಹತ್ತು ಜನರ ಎದುರು ದೊಡ್ಡಮ್ಮನ ಬಾಯಿಂದ ಫಕ್ಕನೆ ಬಂತು: "ಗಿಡ ನೆಟ್ಟೋರಿಗೆಲ್ಲ ಪಾಲು ಕೊಡಕ್ಕೆ ಆಗ್ತದನಾ?" ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಅಮ್ಮ ಓಣಿ ದಾಟಲಿಲ್ಲ. ಹೊಂಡದ ನೀರಿಗೆ ಹೋಗುವಾಗ ಇಬ್ಬರೂ ಎದುರಾದರೆ ಒಬ್ಬರು ಗುಡ್ಡ ನೋಡುತ್ತಿದ್ದರು, ಇನ್ನೊಬ್ಬರು ಗದ್ದೆ ನೋಡುತ್ತಿದ್ದರು.

ನಮಗೆ ಮಕ್ಕಳಿಗೆ ಆ ಕಟ್ಟಲೆ ಇರಲಿಲ್ಲ. ದೊಡ್ಡಮ್ಮನ ಮಗಳು ಸುಮ ನನ್ನದೇ ವಯಸ್ಸಿನವಳು. ಓಣಿಯಲ್ಲೇ ನಮ್ಮ ಕುಂಟೆಬಿಲ್ಲೆ, ಓಣಿಯಲ್ಲೇ ಜಗಳ. ಆ ಏಪ್ರಿಲ್ಲಿನ ಒಂದು ಬೆಳಿಗ್ಗೆ ಬಿಲ್ಲೆ ಎಸೆಯುತ್ತ ಅವಳು ಅಂದಳು, "ನಮ್ಮನೇಲಿ ಅಡಿಕೆ ಅಂಗಳ ದೊಡ್ಡದು ಮಾಡ್ತಾರೆ ಕಣೆ. ಸಿಮೆಂಟು ಹಾಕ್ತಾರೆ. ಮಳೆಗೆ ಮುಂಚೆ ಕಪ್ಪಿ ಕಡೀತಾರಂತೆ. ಅದ್ರ ನೆರಳು ಬೀಳ್ತದಲ್ಲ."

ನಾನು ಆಟ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದು ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. ಎದ್ದಳು, ಬಾಗಿಲಿಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ಆ ಗಳಿಗೆಯಿಂದ ಶುರುವಾದ ಅವಳ ಚಡಪಡಿಕೆ ಮಳೆ ಬೀಳುವವರೆಗೂ ನಿಲ್ಲಲಿಲ್ಲ.

ಬೀಜ ಹಾಕಿದರೆ ಆಗದೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. "ಬೀಜ ಹಾಕಿದ್ರೆ ಬೆಣ್ಣೆಹಣ್ಣು ಬರ್ತದೆ, ಕಪ್ಪಿ ಬರಲ್ಲ" ಅಂದಳು ಅಮ್ಮ. "ನೀರ್ಗುಂಡ ಬರ್ಬೋದು, ಇನ್ನೊಂದು ಬರ್ಬೋದು. ಕಪ್ಪೀನೇ ಬೇಕಂದ್ರೆ ಕಪ್ಪಿ ಕುಡೀನೇ ತಂದು ಕಸಿ ಕಟ್ಬೇಕು." ಸಸಿಗಳಿಗೆ ಕೊರತೆ ಇರಲಿಲ್ಲ. ಹಿಂದಿನ ವರ್ಷ ಯಾರೋ ಕೊಟ್ಟ ಹಣ್ಣುಗಳ ಬೀಜ ಹಾಕಿ ಎಬ್ಬಿಸಿದ ಸಸಿಗಳು ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ, ಬಚ್ಚಲ ನೀರು ಹರಿಯುವ ಕಡೆ ಸಾಲಾಗಿ ನಿಂತಿದ್ದವು. ಬೇಕಾಗಿದ್ದದ್ದು ಕಪ್ಪಿಯ ನಾಲ್ಕಾರು ಕುಡಿ. ಅದು ಇದ್ದದ್ದು ಓಣಿಯಾಚೆ.

ರಾತ್ರಿ ಊಟ ಬಡಿಸುವಾಗ ಅಪ್ಪಯ್ಯ ಅಂದರು, "ಅದ್ಕೆಂತ ಅಷ್ಟು ತಲೆಬಿಸಿ? ನಾ ಅಣ್ಣನ ಹತ್ರ ಒಂದ್ಮಾತು ಹೇಳ್ತೀನಿ. ನಾಕು ಕಡ್ಡಿ ಕೊಡಲ್ಲ ಅಂತಾನಾ?"

"ಬೇಡ."

"ಯಾಕೆ ಬೇಡ?"

"ಕೇಳಿ ತಂದದ್ದು ಹತ್ತಲ್ಲ."

ಅಪ್ಪಯ್ಯ ನಕ್ಕುಬಿಟ್ಟರು. ನಮ್ಮ ಕಡೆಯ ಹೆಂಗಸರ ಈ ನಂಬಿಕೆ ನಿಮಗೂ ಗೊತ್ತಿರಬಹುದು. ಕೇಳಿ ತಂದ ಗಿಡ ಸೊರಗುತ್ತದೆ, ಕದ್ದು ತಂದ ಗಿಡ ಚಿಗುರುತ್ತದೆ. ಮದುವೆಮನೆಗೆ ಹೋದರೂ ಬರುವಾಗ ಒಬ್ಬೊಬ್ಬರ ಸೆರಗಿನ ಮರೆಯಲ್ಲಿ ಒಂದು ಡೇರೆ ಹೂವಿನ ಗೆಡ್ಡೆ, ಒಂದು ಗುಲಾಬಿ ಕಡ್ಡಿ. ಮನೆಯ ಯಜಮಾನಿಗೂ ಗೊತ್ತು, ಕದ್ದವರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಇರುವುದೇ ಮರ್ಯಾದೆ. ಅಮ್ಮ ಅವತ್ತು ಆ ನಂಬಿಕೆಯನ್ನು ಹಿಡಿದುಕೊಂಡದ್ದು ಗಿಡಕ್ಕಾಗಿ ಅಲ್ಲ, ತನ್ನ ಮೂಗಿಗಾಗಿ ಎಂಬುದು ನನಗೂ ಗೊತ್ತಾಗಿತ್ತು. ಪಾಲು ಕೊಡುವುದಿಲ್ಲ ಎಂದವರ ಮುಂದೆ ಕೈಚಾಚುವುದು ಅವಳಿಂದ ಆಗುವ ಕೆಲಸವಲ್ಲ.

ಹಾಗಾದರೆ ಕದಿಯಬಹುದಲ್ಲ ಎಂದು ನನಗೆ ಖುಷಿಯೋ ಖುಷಿ. ಆದರೆ ಅಮ್ಮನಿಗೆ ಅಲ್ಲಿಯೂ ಒಂದು ಕಂಟಕವಿತ್ತು. ಮಾರನೇ ದಿನ ಕೊಟ್ಟೆಗಳಿಗೆ ನೀರು ಹಾಕುತ್ತ ತನಗೆ ತಾನೇ ಹೇಳುವ ಹಾಗೆ ಹೇಳಿದಳು. "ಕುಡಿ ಹಂಗೇ ಮುರ್ಕಂಡು ಬಂದ್ರೆ ಬೆಣ್ಣೆಹಣ್ಣು ಹತ್ತದು ಕಷ್ಟ. ವಾರ ಮುಂಚೆ ಮರದಲ್ಲೇ ಎಲೆ ಚಿವುಟಿ, ಬರೀ ತೊಟ್ಟು ಬಿಟ್ಟು ಇಡ್ಬೇಕು. ಆಗ ಚಿಗುರಿನ ಕಣ್ಣು ಉಬ್ತದೆ, ಕಟ್ಟಿದ್ರೆ ಹಿಡೀತದೆ. ಕದಿಯಕ್ಕೆ ಒಂದ್ಸಲ ಹೋಗ್ಬೋದು. ಚಿವುಟಕ್ಕೊಂದ್ಸಲ, ಮುರಿಯಕ್ಕೊಂದ್ಸಲ ಅಂತ ಯಾರ ಹಿತ್ತಲಿಗೆ ಹೋಗ್ಲಿ?"

ಇದನ್ನೆಲ್ಲ ನಾನು ಸುಮಳಿಗೆ ಹೇಳಿದೆ. ನನ್ನ ಬಾಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಅದೂ ಅಲ್ಲದೆ ಅವಳ ಸಹಾಯ ನನಗೆ ಬೇಕಾಗಿತ್ತು. ಕಸಿ ಕಟ್ಟಿದ ಮೇಲೆ ಕುಡಿ ಒಣಗದಿರಲಿ ಎಂದು ಅದರ ಮೇಲೊಂದು ಉದ್ದ ಪ್ಲಾಸ್ಟಿಕ್ ಟೋಪಿ ಹಾಕಬೇಕು. ಐಸ್ ಕ್ಯಾಂಡಿಯ ಕೊಳವೆ ಕವರು ಅದಕ್ಕೆ ಹೇಳಿ ಮಾಡಿಸಿದ್ದು. ಕ್ಯಾಂಡಿ ತಿಂದು ಕವರು ತರುವ ಕೆಲಸವನ್ನು ಅಮ್ಮ ನನಗೆ ವಹಿಸಿದ್ದಳು. ನನ್ನ ಜೀವಮಾನದಲ್ಲಿ ಅಷ್ಟು ಸುಖದ ಸರ್ಕಾರಿ ಕೆಲಸ ಮತ್ತೆ ಸಿಕ್ಕಿಲ್ಲ. ಸೈಕಲ್ಲಿನ ಕ್ಯಾಂಡಿಯವನು ಪೀಪಿ ಊದಿದರೆ ಸಾಕು, ನಾನು ಮತ್ತು ಸುಮ ಓಡಿ ಹೋಗಿ, ಕೆಂಪು, ಹಳದಿ, ಕಿತ್ತಳೆ ಬಣ್ಣದ ನಾಲಗೆ ಮಾಡಿಕೊಂಡು, ಕವರಿನ ತುದಿಯನ್ನು ಹಲ್ಲಿನಿಂದ ಕಚ್ಚದೆ ಬ್ಲೇಡಿನಿಂದ ಕೊಯ್ಯುತ್ತಿದ್ದೆವು. ತೊಳೆದು ಹಗ್ಗಕ್ಕೆ ನೇತುಹಾಕಿದ ಕವರುಗಳು ನಮ್ಮ ಮನೆಯಲ್ಲೂ ಇದ್ದವು. ಸುಮಳ ಮನೆಯ ಹಗ್ಗದ ಮೇಲೂ ಇದ್ದವು. ಅವಳ ಅಮ್ಮ ಕೇಳದೆ ಇರುತ್ತಾರೆಯೇ?

ದಿನ ಹೋದಂತೆ ಅಮ್ಮನಿಗೆ ನಿದ್ದೆಯೂ ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಓಣಿಯಾಚೆ ಜಲ್ಲಿ ತಂದು ಸುರಿದರು. ಆ ಸದ್ದಿಗೆ ಅಮ್ಮನ ಕೈಯಿಂದ ಚೊಂಬು ಜಾರಿತು. ನಾನು ಹೋಗಿ ಹೋಗಿ, "ಯಾವಾಗ ಕದಿಯದು ಅಮ್ಮ? ಇವತ್ತಾ? ನಾಳೆನಾ?" ಎಂದು ಪೀಡಿಸುತ್ತಿದ್ದೆ. "ಬಾಯ್ಮುಚ್ಚೆ, ಊರಿಗೆಲ್ಲ ಸಾರ್ತೀಯಾ?" ಎಂದು ಗದರುತ್ತಿದ್ದಳು. ಗದರಿ ಐದು ನಿಮಿಷಕ್ಕೆ ತಾನೇ ಬಂದು, "ಸಂತೆ ದಿನ ದೊಡ್ಡಪ್ಪ ಪೇಟೆಗೆ ಹೋಗ್ತಾರೆ ಅಲ್ದನಾ?" ಎಂದು ಕೇಳುತ್ತಿದ್ದಳು.

ಕೊನೆಗೆ ಆ ಸಂತೆಯ ದಿನ ಬಂತು. ಮಧ್ಯಾಹ್ನದ ಊಟ ಮುಗಿದು ಊರು ಕಣ್ಣು ಮುಚ್ಚುವ ಹೊತ್ತು. ದೂಳು, ಬಿಸಿಲು, ದೂರದಲ್ಲೆಲ್ಲೋ ಹಲಸಿನ ಹಣ್ಣು ಬಿದ್ದು ಒಡೆದ ವಾಸನೆ. ಅಮ್ಮ ಚಾಕು ಮತ್ತು ಒದ್ದೆ ಬಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಎಲೆ ಚಿವುಟದೆ ಇದ್ರೂ ಆಯ್ತು. ಹತ್ತು ಕಟ್ಟಿದ್ರೆ ಒಂದಾದ್ರೂ ಉಳೀತದೆ, ನೋಡಣ" ಅಂದಳು. ಅವಳ ದನಿಯಲ್ಲಿ ಆ ನಂಬಿಕೆ ಇರಲಿಲ್ಲ. ಇದು ಬಿಟ್ಟರೆ ಬೇರೆ ದಿನವಿಲ್ಲ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿತ್ತು. ಮರ ಕಡಿಯುವವರು ಮುಂದಿನ ವಾರ ಬರುವವರಿದ್ದರು.

ಓಣಿ ದಾಟಿ, ಬೇಲಿಯ ಬಾಯಿಗೆ ಅಡ್ಡ ಹಾಕಿದ ಬಿದಿರಿನ ಉಣಗೋಲಿನ ಕೆಳಗೆ ನುಸುಳಿ ಹಿತ್ತಲಿಗೆ ಕಾಲಿಟ್ಟೆವು. ಅಮ್ಮ ಅಲ್ಲಿಗೆ ಬಂದು ವರ್ಷದ ಮೇಲಾಗಿತ್ತು. ದೊಡ್ಡಮ್ಮನ ಮನೆಯ ನಾಯಿ ರಾಜ ನಮ್ಮನ್ನು ಕಂಡದ್ದೇ ಬೊಗಳುವುದು ಬಿಟ್ಟು ಬಾಲ ಆಡಿಸುತ್ತ ಅಮ್ಮನ ಕಾಲಿಗೆ ಉರುಳಿತು. ಅದಕ್ಕೆ ಪಾಲಾದ ಸುದ್ದಿ ಯಾರೂ ಹೇಳಿರಲಿಲ್ಲ. ಅಮ್ಮ ಅದರ ತಲೆ ಸವರಿ, ಬಗ್ಗಿಕೊಂಡೇ ಕಪ್ಪಿಯ ಬುಡಕ್ಕೆ ಬಂದಳು. ಮರದ ತುಂಬ ನೆಲ್ಲಿಕಾಯಿ ಗಾತ್ರದ ಕಾಯಿ. ಕೊಂಬೆಯೊಂದು ಹಿತ್ತಲ ಬೇಲಿಯ ಕಡೆಗೆ ಕೈಗೆಟುಕುವಷ್ಟು ಬಾಗಿತ್ತು. ಅಮ್ಮ ಅದನ್ನು ಹಿಡಿದು ಬಗ್ಗಿಸಿದವಳು ಹಾಗೆಯೇ ನಿಂತುಬಿಟ್ಟಳು.

ಕೊಂಬೆಯ ತುದಿಯ ಕುಡಿಗಳಲ್ಲಿ ಎಲೆಯೇ ಇರಲಿಲ್ಲ. ಒಂದೊಂದು ಎಲೆಯನ್ನೂ ಬಿಡಿಸಿ ಚಿವುಟಿ, ತೊಟ್ಟು ಮಾತ್ರ ಬಿಟ್ಟಿದ್ದರು. ತೊಟ್ಟಿನ ಬುಡದಲ್ಲಿ ಕಣ್ಣುಗಳು ದುಂಡಗೆ ಉಬ್ಬಿ ಇವತ್ತೋ ನಾಳೆಯೋ ಒಡೆಯುವ ಹಾಗಿದ್ದವು.

"ಅಮ್ಮ, ದನ ತಿಂದದೆ" ಅಂದೆ ನಾನು.

"ದನ ತಿಂದ್ರೆ ತೊಟ್ಟು ಬಿಟ್ಟು ತಿಂತದನಾ?" ಅಂದಳು ಅಮ್ಮ. ಸ್ವಲ್ಪ ಹೊತ್ತು ಆ ಕುಡಿಗಳನ್ನು ಬೆರಳಿನಿಂದ ಸವರಿದಳು. ಆಮೇಲೆ ಅವಳ ಮುಖ ಕೆಂಪಾಯಿತು. ಅಳುತ್ತಾಳೆ ಅಂದುಕೊಂಡೆ, ಅವಳಿಗೆ ಬಂದದ್ದು ಸಿಟ್ಟು. "ಇವ್ಳು ಯಾರು ನಂಗೆ ಚಿವುಟಿ ಇಡಕ್ಕೆ? ನಾ ಕೇಳಿದ್ನಾ? ಕೊಟ್ಟದ್ದು ನಂಗೆ ಬೇಡ. ಬಾ, ಹೋಗಣ."

ಇಷ್ಟು ದಿನದ ಕ್ಯಾಂಡಿ, ಕವರು, ಕಾಯುವಿಕೆ ಎಲ್ಲ ಇಲ್ಲಿಗೆ ಮುಗಿಯಿತೇ? ನಾನು ಅವಳ ಸೆರಗು ಹಿಡಿದು ಎಳೆದೆ. "ಅಮ್ಮಾ, ಮುಂದಿನ್ವಾರ ಕಡೀತಾರೆ ಅಮ್ಮಾ." ಅವಳು ಸೆರಗು ಕೊಸರಿಕೊಂಡು ಎರಡು ಹೆಜ್ಜೆ ಹೋದಳು, ನಿಂತಳು, ತಿರುಗಿ ಮರ ನೋಡಿದಳು, ಮತ್ತೆ ಎರಡು ಹೆಜ್ಜೆ ಹೋದಳು. ಅವಳಿಗೆ ಮರವೂ ಬೇಕಿತ್ತು, ಹಟವೂ ಬೇಕಿತ್ತು. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು, ಅಷ್ಟೇ ಪಾಪ ಅನ್ನಿಸಿತು.

ಆಗ ಅಡಿಗೆಮನೆಯ ಕಿಟಕಿಯಿಂದ ದೊಡ್ಡಮ್ಮನ ಗಂಟಲು ಕೇಳಿತು. ಆ ಗಂಟಲು ಕವಲೇದುರ್ಗದ ತುದಿಗೂ ಮುಟ್ಟುವಂಥದ್ದು.

"ಹೈ! ಹೈ! ಯಾರ ಮನೆ ದನವೋ ಹಿತ್ತಲಿಗೆ ನುಗ್ಗಿದ್ದು! ಹಗಲು ಹೊತ್ತೇ ಕದ್ದು ತಿನ್ನಕ್ಕೆ ಬಂದವೆ! ಸುಮಾ, ಕೋಲು ತಗಂಬಾರೆ! ಕಾಲು ಮುರೀತೀನಿ ಇವತ್ತು!"

ಕಿಟಕಿ ನಮ್ಮ ಕಡೆಗೇ ತೆರೆದಿತ್ತು. ನಾನು ನೋಡಿದಾಗ ದೊಡ್ಡಮ್ಮ ಅಲ್ಲಿ ನಿಂತಿದ್ದರು, ಆದರೆ ಮುಖ ಬೇರೆ ಕಡೆ, ಗದ್ದೆಯ ಕಡೆ. ನೋಡದೆಯೇ ಕೂಗುತ್ತಿದ್ದರು. ಅಮ್ಮನಿಗೆ ಏನು ಹೊಳೆಯಿತೋ, ಸರ್ರನೆ ಹಿಂದಕ್ಕೆ ಬಂದು ಕೊಂಬೆ ಬಗ್ಗಿಸಿ ಕಚಕಚನೆ ಕುಡಿಗಳನ್ನು ಕೊಯ್ದು ಒದ್ದೆ ಬಟ್ಟೆಗೆ ಹಾಕಿಕೊಂಡಳು. "ಓಡೇ!" ಅಂದಳು. ಇಬ್ಬರೂ ಉಣಗೋಲಿನ ಕೆಳಗೆ ಬಿದ್ದೂಬೀಳೂ ನುಸುಳಿ ಓಣಿಗೆ ಹಾರಿದೆವು. ನನ್ನ ಲಂಗ ಮುಳ್ಳಿಗೆ ಸಿಕ್ಕಿ ಪರ್ರೆಂದಿತು. ಹಿಂದಿನಿಂದ, "ಬಂದ್ರೆ ಕಟ್ಟಿ ಹಾಕ್ತೀನಿ, ದೊಡ್ಡಿಗೆ ಹೊಡೀತೀನಿ!" ಎಂದು ದನಿ ಬೆನ್ನಟ್ಟಿ ಬರುತ್ತಲೇ ಇತ್ತು. ನಮ್ಮ ಬಚ್ಚಲ ಹಿಂದೆ ಬಂದು ಕುಸಿದು ಕೂತ ಅಮ್ಮ ನಗತೊಡಗಿದಳು. ಉಸಿರು ಸಿಕ್ಕದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಪಾಲಾದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

"ಈಗ ಹತ್ತತದೆ" ಅಂದಳು. "ಬೈಸ್ಕಂಡು ಕದ್ದದ್ದು."

ಕಸಿ ಕಟ್ಟಲು ಅವತ್ತೇ ಕೂತೆವು. ಕೊಯ್ಯುವುದು ಅಮ್ಮನ ಕೆಲಸವಾಗಿರಲಿಲ್ಲ, ದೊಡ್ಡಮ್ಮನದು. ಬೆಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತಿತ್ತು. "ಅಕ್ಕಯ್ಯನ ಹಂಗೆ ಒಂದೇ ಎಳೆತಕ್ಕೆ ಬರಲ್ಲ ನಂಗೆ" ಎಂದು ಎರಡು ಸಲ ಗೊಣಗಿದಳು. ವರ್ಷದ ಮೇಲೆ ಅವಳ ಬಾಯಲ್ಲಿ ಅಕ್ಕಯ್ಯ ಎಂಬ ಮಾತು ಬಂದದ್ದನ್ನು ಅವಳು ಗಮನಿಸಲಿಲ್ಲ, ನಾನು ಗಮನಿಸಿದೆ. ಸೀಳಿಗೆ ಕೂರಿಸಿದ ಕುಡಿಯನ್ನು ನಾನು ಹಿಡಿದುಕೊಂಡರೆ ಅವಳು ಪಟ್ಟಿ ಸುತ್ತುತ್ತಿದ್ದಳು. ಮೇಲೊಂದು ಕ್ಯಾಂಡಿ ಕವರು. ಮುಗಿದಾಗ ಬಚ್ಚಲ ಹಿಂದೆ ಬಣ್ಣ ಬಣ್ಣದ ಟೋಪಿ ಹಾಕಿದ ಸಸಿಗಳ ಸಾಲು. "ಇದೆಂತ, ಆಸ್ಪತ್ರೆ ವಾರ್ಡಾ?" ಎಂದರು ಅಪ್ಪಯ್ಯ.

ಆಮೇಲಿನದು ಕಾಯುವ ಕೆಲಸ, ನಮ್ಮಿಬ್ಬರಿಗೂ ಬಾರದ ಕೆಲಸ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅಮ್ಮ ನನಗೆ ತಾಕೀತು ಮಾಡಿದ್ದಳು. ನಾನು ಮುಟ್ಟಲಿಲ್ಲ. ಬೆಳಗಾಗುವ ಮೊದಲೇ ಎದ್ದು ಹೋಗಿ ಕವರಿನ ಮೇಲೆ ಮೂಗು ತಾಗಿಸಿ ನೋಡುತ್ತಿದ್ದವಳು ಅವಳೇ. ಕವರಿನ ಒಳಗೆ ಹನಿ ಕಟ್ಟಿರುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಒಂದೊಂದು ದಿನ ಮುದುಡಿದ ಹಾಗೆ ಕಾಣುವುದು, ಒಂದೊಂದು ದಿನ ಉಬ್ಬಿದ ಹಾಗೆ ಕಾಣುವುದು. ನಾನು, ಅಮ್ಮ, ಇಬ್ಬರೂ ಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಮನೆಗೆ ತಿರುಗಿದ್ದೇ ತಿರುಗಿದ್ದು.

ಮರ ಕಡಿಯುವವರು ಹೇಳಿದ ವಾರ ಬರಲಿಲ್ಲ, ಅದರ ಮುಂದಿನ ವಾರ ಬಂದರು. ಬೆಳಿಗ್ಗೆಯೇ ಕೊಡಲಿಯ ಸದ್ದು ಶುರುವಾಯಿತು. ಅಮ್ಮ ಹೊರಗೆ ಬರಲಿಲ್ಲ. ಬೇಕಾಗಿರದಿದ್ದರೂ ಮೆಣಸಿನಕಾಯಿ ಹುರಿಯುತ್ತ ಕೂತಳು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಿದ್ದೆವು. ಮರ ಬಿದ್ದಾಗ ನೆಲ ಸಣ್ಣಗೆ ನಡುಗಿತು. ಓಣಿಯಾಚೆಯ ಹಸಿರಿನಲ್ಲಿ ಒಂದು ದೊಡ್ಡ ಆಕಾಶ ತೆರೆದುಕೊಂಡಿತು. ನಾನು, ಸುಮ ಹೋಗಿ ಎಳೆಗಾಯಿಗಳನ್ನು ಆರಿಸಿಕೊಂಡೆವು, ಆಟಕ್ಕೆ. ಅವು ಯಾವತ್ತೂ ಹಣ್ಣಾಗುವಂಥವಲ್ಲ. ಹಳೇ ಮನೆಯ ಹಿಂಬಾಗಿಲಲ್ಲಿ ದೊಡ್ಡಮ್ಮ ಸುಮ್ಮನೆ ಕೂತಿದ್ದರು. ಅವರು ಸುಮ್ಮನೆ ಕೂತದ್ದನ್ನು ನಾನು ಅವತ್ತೇ ನೋಡಿದ್ದು. ನನ್ನನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಕೇಳಿದರು, "ಕುಡಿ ಕಣ್ಣು ಬಿಟ್ಟವನಾ?"

"ಇನ್ನೂ ಇಲ್ಲ ದೊಡ್ಡಮ್ಮ."

"ನೀರು ಜಾಸ್ತಿ ಹಾಕ್ಬೇಡ ಅನ್ನು. ನಿನ್ನಮ್ಮಂಗೆ ತಡೆಯಕ್ಕಾಗಲ್ಲ, ಸುರೀತಾಳೆ" ಅಂದರು. ಮರುಕ್ಷಣವೇ, "ನಾ ಹೇಳ್ದೆ ಅನ್ಬೇಡ ಮತ್ತೆ" ಎಂದರು.

ನಾನು ಹೇಳಿದೆ, ಯಾರು ಹೇಳಿದರೆಂದು ಹೇಳಲಿಲ್ಲ. ಅಮ್ಮ ಯಾರು ಎಂದು ಕೇಳಲೂ ಇಲ್ಲ. ಅವತ್ತಿನಿಂದ ನೀರು ಕಡಿಮೆ ಮಾಡಿದಳು.

ಒಂದೊಂದಾಗಿ ಕುಡಿಗಳು ಕಪ್ಪಾಗಿ ಒಣಗಿದವು. ಪ್ರತಿ ಸಲವೂ ಅಮ್ಮ ಕವರು ತೆಗೆದು ಒಗೆದು ಏನೂ ಆಗದವಳ ಹಾಗೆ ಒಳಗೆ ಹೋಗುತ್ತಿದ್ದಳು. ಗುಡುಗು ಶುರುವಾದ ಹೊತ್ತಿಗೆ ಉ‌ಳಿದದ್ದು ಒಂದೇ ಒಂದು. ಒಂದು ಬೆಳಿಗ್ಗೆ ಅದರ ಕವರಿನೊಳಗೆ ಹನಿಗಳ ನಡುವೆ ಕೆಂಪಗೆ ಏನೋ ಕಂಡಿತು. ಅಮ್ಮ ನನ್ನನ್ನು ಹಾಸಿಗೆಯಿಂದ ದರದರ ಎಳೆದುಕೊಂಡು ಹೋಗಿ ತೋರಿಸಿದಳು. ಅಕ್ಕಿಕಾಳಿನಷ್ಟು ಚಿಗುರು. ನಾವಿಬ್ಬರೂ ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತು, ಎಷ್ಟೋ ಹೊತ್ತು ಎಲ್ಲಿಗೂ ಹೋಗದೆ ಅದನ್ನು ನೋಡಿದೆವು.

ಆ ಗಿಡ ಬ್ಯಾಣದಲ್ಲಿ ಮರವಾಯಿತು. ನಾನು ಹೈಸ್ಕೂಲಿಗೆ ಹೋಗುವಾಗ ಕಾಯಿ ಬಿಟ್ಟಿತು, ಕಪ್ಪಿಯೇ. ಅಷ್ಟರಲ್ಲಿ ದೊಡ್ಡಪ್ಪ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿ, ಅಮ್ಮ ಬುತ್ತಿ ಕಟ್ಟಿಕೊಂಡು ಹೋಗಿ, ಓರಗಿತ್ತಿಯರ ನಡುವೆ ಮಾತು ತಾನಾಗಿ ಶುರುವಾಗಿತ್ತು. ಒಂದು ಸಂಜೆ ದೊಡ್ಡಮ್ಮ ನಮ್ಮ ಜಗಲಿಯಲ್ಲಿ ಕೂತು ಬಿಸಿ ರೊಟ್ಟಿಗೆ ಸವರಿದ ಕಪ್ಪಿಯನ್ನು ತಿನ್ನುತ್ತ ಕೇಳಿದರು.

"ಒಳ್ಳೇ ಹಣ್ಣು ಬಂದದೆ. ಎಲ್ಲಿಂದ ತಂದ್ಯೆ?"

"ಯಾರದೋ ಹಿತ್ತಲಿಂದ ಕದ್ದದ್ದು ಅಕ್ಕಯ್ಯ."

"ಹೌದನಾ? ಕದ್ದದ್ದು ಹತ್ತೇ ಹತ್ತತದೆ ಬಿಡು" ಎಂದು ಇನ್ನೊಂದು ರೊಟ್ಟಿ ಕೇಳಿದರು. ಇಬ್ಬರ ಮುಖದಲ್ಲೂ ನಗುವಿನ ಗೆರೆಯಿಲ್ಲ. ಆ ವಿಷಯ ಅವರ ನಡುವೆ ಅದಕ್ಕಿಂತ ಹೆಚ್ಚು ಯಾವತ್ತೂ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ನಾನು ಅಮ್ಮನನ್ನು ಕೇಳಿದ್ದುಂಟು, ಚಿವುಟಿ ಇಟ್ಟದ್ದಕ್ಕೆ ಒಂದು ಮಾತಾದರೂ ಹೇಳಬೇಡವೇ ಎಂದು. "ಕದ್ದದ್ದಕ್ಕೆ ಯಾರಾದ್ರೂ ಉಪಕಾರ ಹೇಳ್ತಾರನಾ?" ಎಂದಳು ಅಮ್ಮ. ದೊಡ್ಡಮ್ಮ ಈಗ ಇಲ್ಲ.

ನಾನು ಹೊಸನಗರದಲ್ಲಿ ಮನೆ ಮಾಡಿ ವರ್ಷಗಳಾದವು. ಹಿತ್ತಲಲ್ಲಿ ನಾಲ್ಕು ಜಾತಿಯ ಬೆಣ್ಣೆಹಣ್ಣಿದೆ, ಎಲ್ಲ ನರ್ಸರಿಯಿಂದ ತಂದ ಕಸಿ ಗಿಡಗಳು, ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡೇ ಬಂದವು. ಈಗ ಆ ಹಣ್ಣಿಗೆ ಭಾರಿ ಮರ್ಯಾದೆ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯವರು ಒಂದು ಕುಡಿ ಬೇಕೆಂದು ಬೆಳಿಗ್ಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದರು. ಸಂಜೆಗೆ ಕೊಯ್ದು, ಚೆಂದ ಮಾಡಿ ಕಾಗದದಲ್ಲಿ ಸುತ್ತಿ ಕೊಟ್ಟೆ. ಥ್ಯಾಂಕ್ಸ್ ಹೇಳಿದರು. ಒಳ್ಳೆಯ ಜನ, ಎರಡು ಮನೆಗಳ ನಡುವೆ ಇವತ್ತಿನವರೆಗೆ ಒಂದು ಒರಟು ಮಾತು ಬಂದಿಲ್ಲ. ಆ ಕುಡಿ ಹತ್ತಲಿಲ್ಲ. ಹತ್ತುವುದು ಹೇಗೆ? ಎಲೆ ಚಿವುಟಿ ಇಟ್ಟಿರಲಿಲ್ಲವಲ್ಲ.

ಅದು ಒಣಗಿತೆಂದು ಕೇಳಿದ ದಿನ ರೊಟ್ಟಿ ಬೇಯಿಸುತ್ತ ಅದನ್ನೇ ಯೋಚಿಸುತ್ತಿದ್ದೆ. ಒಬ್ಬರಿಗಾಗಿ ಕುಡಿಯ ಎಲೆ ಚಿವುಟಿ ಇಡಬೇಕಾದರೆ, ಅವರು ಬರುವ ಒಂದು ವಾರ ಮೊದಲೇ ಅವರು ನಮ್ಮ ತಲೆಯಲ್ಲಿ ಇರಬೇಕು. ಮಾತು ಬಿಟ್ಟ ಓರಗಿತ್ತಿ ಇವತ್ತು ಬರುತ್ತಾಳೋ ನಾಳೆ ಬರುತ್ತಾಳೋ ಎಂದು ಕಿಟಕಿಯಲ್ಲಿ ಕಾಯುತ್ತ ನಿಲ್ಲಬೇಕು. ನನಗೆ ಈಗ ಎಲ್ಲರೊಡನೆಯೂ ಮಾತಿದೆ, ಯಾರೊಡನೆಯೂ ಜಗಳವಿಲ್ಲ. ನಾನು ಯಾರಿಗಾಗಿಯೂ ಎಲೆ ಚಿವುಟಿ ಇಟ್ಟಿಲ್ಲ. ನನಗಾಗಿ ಇಟ್ಟವರೂ ಯಾರೂ ಇಲ್ಲ.